ಕಡಲ ನಡಿಗೆಗೆ ಬಿಡಾರ ಎಲ್ಲಿ?

ಕೃಷ್ಣಾತೀರದ ಜನರಿಗೂ ಪಡುವಣ ಕಡಲಿಗೂ ಇರುವ ನಂಟು ವಿಚಿತ್ರವಾದುದು. ಮಹಾಬಲೇಶ್ವರದ ಗಿರಿಯಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರವು ಸುಮಾರು 65 ಕಿಲೋಮೀಟರುಗಳಷ್ಟೇ ದೂರ. ಆದರೂ ಅವಳು ಹತ್ತಿರದ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ಹೊರಳುತ್ತಾಳೆ. ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಬ್ಬಿನ ಹೊಲಗಳ ಅಂಚಿನಲ್ಲಿ ಹಾಯ್ದು, ಒಟ್ಟು 1,400 ಕಿಲೋಮೀಟರುಗಳಷ್ಟು ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ನಿಪ್ಪಾಣಿಯ ಕಡೆಯ ವೇದಗಂಗೆ, ದೂಧಗಂಗೆಗಳೂ ಅವಳನ್ನೇ ಹಿಂಬಾಲಿಸುತ್ತವೆ. ಹೊಳೆಗಳೆಲ್ಲ ಹೀಗೆ ಮೂಡಣಕ್ಕೆ ಹರಿದರೂ ಮನೆಯ ಮಕ್ಕಳ ಮನಸ್ಸು ಮಾತ್ರ ಪಡುವಣಕ್ಕೇ ಓಡುತ್ತದೆ. ದೀಪಾವಳಿಯ ರಜೆ ಹತ್ತಿರವಾಗುತ್ತಲೇ, ‘ಈ ಸಲ ಸಮುದ್ರಕ್ಕೆ ಹೋಗೋಣ’ ಎಂಬ ಬೇಡಿಕೆ ಊಟದ ಹೊತ್ತಿನಲ್ಲಿ ಏಳುತ್ತದೆ.

ಬೇಡಿಕೆ ಎದ್ದೊಡನೆ ಹಿರಿಯರ ಬಾಯಿಂದ ಬರುವ ಮೊದಲ ಮಾತು ಗಾಡಿಯದು. ಸ್ವಂತ ಕಾರಿಲ್ಲದವರು ಬಾಡಿಗೆಯ ಲೆಕ್ಕ ಹಾಕಿ ನಿಟ್ಟುಸಿರುಬಿಡುತ್ತಾರೆ. ಕಾರಿರುವವರು ಘಟ್ಟದ ತಿರುವುಗಳನ್ನು ನೆನೆದು ಹಿಂಜರಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಸಮುದ್ರದ ಮಾತು ಅಲ್ಲಿಗೇ ಮುಗಿದು ಮುಂದಿನ ವರ್ಷಕ್ಕೆ ಹೋಗುತ್ತದೆ. ಆದರೆ ಕಡಲ ದಂಡೆಯನ್ನು ಕಾಲ್ನಡಿಗೆಯಲ್ಲಿ ನೋಡಬೇಕೆನ್ನುವವರಿಗೆ ಕಾರು ಬೇಕಾದುದೇ ಇಲ್ಲ. ಬೇಕಾದುದು ತಕ್ಕ ಬಿಡಾರ. ಅದನ್ನು ಸರಿಯಾಗಿ ಆರಿಸಿಕೊಂಡ ಕುಟುಂಬವು ಅರ್ಧ ಪ್ರವಾಸವನ್ನು ಮನೆಯಲ್ಲಿ ಕುಳಿತೇ ಗೆದ್ದಂತೆ.

ಗಾಡಿಯಿಲ್ಲದವರ ಸ್ವಾತಂತ್ರ್ಯ

ನಡೆಯುವುದು ಈ ಭಾಗದ ಜನರಿಗೆ ಹೊಸದೇನೂ ಅಲ್ಲ. ಪಂಢರಪುರದ ವಾರಿಗೆ ನಡೆದವರು, ಚಿಂಚಲಿಯ ಮಾಯಕ್ಕನ ಜಾತ್ರೆಗೆ ನಡೆದವರು, ಯುಗಾದಿಯ ಮುನ್ನ ಶ್ರೀಶೈಲದ ಮಲ್ಲಯ್ಯನ ಸನ್ನಿಧಿಗೆ ಕಂಬಿ ಹೊತ್ತು ನಡೆದವರು ಇಲ್ಲಿ ಮನೆಮನೆಗೂ ಸಿಗುತ್ತಾರೆ. ಆ ಹಿರಿಯರು ಹೊರಡುವ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಇಂದಿನ ಬಿಡಾರ ಎಲ್ಲಿ?’ ಎಂಬುದು. ನೆರಳು, ನೀರು, ಅನ್ನ, ಮಲಗಲು ಒಂದು ಕಟ್ಟೆ, ಇವುಗಳ ನಿಶ್ಚಯವಾದ ಮೇಲೆ ಕಾಲುಗಳು ತಾವಾಗಿಯೇ ಮುಂದೆ ಸಾಗುತ್ತಿದ್ದವು.

ದಂಡೆಯ ನಡಿಗೆಯಲ್ಲಿ ಕಾರು ಅಡ್ಡಿಯೇ ಆಗುತ್ತದೆ. ಕಾರನ್ನು ಒಂದೆಡೆ ನಿಲ್ಲಿಸಿ ಹೊರಟವನು ಎಷ್ಟು ದೂರ ಹೋದರೂ ಅಷ್ಟೇ ದೂರ ಹಿಂತಿರುಗಿ ಅದರ ಬಳಿಗೇ ಬರಬೇಕು. ಗೂಟಕ್ಕೆ ಕಟ್ಟಿದ ದನವು ಹಗ್ಗದಳತೆಯಲ್ಲಿ ಸುತ್ತುವಂತೆ ಅವನ ಸ್ಥಿತಿ. ಬಸ್ಸಿನಲ್ಲಿ ಬಂದವನಿಗೆ ಆ ಹಗ್ಗವಿಲ್ಲ. ಅವನು ಬೆಳಗಿನ ಬಸ್ಸಿನಲ್ಲಿ ದೂರದ ತುದಿಗೆ ಹೋಗಿ ಇಳಿದು, ದಿನವಿಡೀ ಬಿಡಾರದ ಕಡೆಗೆ ನಡೆಯುತ್ತ ಬರಬಹುದು. ಮಕ್ಕಳು ಚಿಪ್ಪು ಆರಿಸುತ್ತ ತಡಮಾಡಿದರೂ, ಹಿರಿಯರು ನೆರಳು ಕಂಡಲ್ಲಿ ಕುಳಿತರೂ, ಕೊನೆಯ ಬಸ್ಸು ತಪ್ಪೀತೆಂಬ ಭಯ ಅವನಿಗಿಲ್ಲ. ಇಡುವ ಹೆಜ್ಜೆಯೆಲ್ಲ ಮನೆಯ ಕಡೆಗೇ. ‘ಬಸ್ಸಿನಲ್ಲಿ ಹೋಗುವುದು, ನಡೆದು ಬರುವುದು’ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಅಪರಿಚಿತ ಊರಿನ ತಂಗುದಾಣದಲ್ಲಿ ಕತ್ತಲಿನಲ್ಲಿ ಕಾಯುತ್ತ ಕುಳಿತುಕೊಳ್ಳುವವರು.

ಬಿಡಾರದ ಪರೀಕ್ಷೆ

ಹಾಗಾದರೆ ಒಳ್ಳೆಯ ಬಿಡಾರದ ಲಕ್ಷಣಗಳೇನು? ಮೊದಲನೆಯದಾಗಿ, ಬಸ್ ನಿಲ್ದಾಣದಿಂದ ಕೋಣೆಯವರೆಗೆ ಕೈಚೀಲ ಹಿಡಿದು ನಡೆಯುವಂತಿರಬೇಕು. ಕೋಣೆಯಿಂದ ಕಡಲಿಗೂ ನಡೆಯುವಂತಿರಬೇಕು. ಎರಡನೆಯದಾಗಿ, ಊಟದ ಮನೆ, ಔಷಧದ ಅಂಗಡಿ, ವೈದ್ಯರು ದಾಪುಗಾಲಿನ ಅಂತರದಲ್ಲಿರಬೇಕು. ಮೂರನೆಯದಾಗಿ, ಊರಿನಿಂದ ಕನಿಷ್ಠ ಎರಡು ದಿಕ್ಕುಗಳಿಗೆ ಬೇರೆ ಬೇರೆ ನಡಿಗೆಗಳಿರಬೇಕು. ಒಂದೇ ದಂಡೆಯನ್ನು ಮೂರು ದಿನ ತುಳಿದರೆ ಮಕ್ಕಳಿಗೂ ಬೇಸರ ಬರುತ್ತದೆ. ನಾಲ್ಕನೆಯದಾಗಿ, ಆ ನಡಿಗೆಗಳ ದೂರದ ತುದಿಗಳಿಗೆ ಬಸ್ಸಿನ ಸೌಕರ್ಯವಿರಬೇಕು. ಕೊನೆಯದು ಬಹುಮಂದಿ ಮರೆಯುವ ಸಂಗತಿ: ನಡೆಯಲಾರದ ಅಜ್ಜಿಗೆ ಊರಿನೊಳಗೇ ಹೊತ್ತು ಕಳೆಯುವ ಒಂದು ಗುಡಿಯೋ ಕಟ್ಟೆಯೋ ಪೇಟೆಯೋ ಇರಬೇಕು. ಅವಳು ಕೋಣೆಯಲ್ಲಿ ಒಂಟಿಯಾಗಿ ಬೇಸರಪಟ್ಟರೆ ಉಳಿದವರ ನಡಿಗೆಯೂ ಕೆಡುತ್ತದೆ.

ಘಟ್ಟ ಇಳಿಯುವ ದಾರಿಗಳು

ಬೆಳಗಾವಿ ಜಿಲ್ಲೆಯೂ ಉತ್ತರ ಕನ್ನಡವೂ ಹಳೆಯ ಒಡನಾಡಿಗಳು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇವೆರಡೂ ಒಂದೇ ಆಡಳಿತದಲ್ಲಿದ್ದವು. ಇಂದಿಗೂ ಚಿಕ್ಕೋಡಿಯ ಬಸ್ಸನ್ನೂ ಕುಮಟೆಯ ಬಸ್ಸನ್ನೂ ಓಡಿಸುವುದು ಒಂದೇ ವಾಯವ್ಯ ಸಾರಿಗೆ ಸಂಸ್ಥೆ. ಬೆಳಗಾವಿ ಅಥವಾ ಹುಬ್ಬಳ್ಳಿಯನ್ನು ಸೇರಿದರೆ, ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟದ ಮಾರ್ಗವಾಗಿ ಅಂಕೋಲೆಗೆ ಇಳಿಯಬಹುದು.

ರೈಲಿನ ದಾರಿ ಇನ್ನೂ ಸೊಗಸು. ಮಿರಜದಿಂದ ಲೋಂಡಾಕ್ಕೆ ಹೋಗುವ ಹಳಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾಗಳನ್ನು ಮುಟ್ಟುತ್ತದೆ. ಚಿಕ್ಕೋಡಿ ರೋಡ್ ಎಂಬುದು ಹೆಸರಿಗೆ ತಕ್ಕಂತೆ ಚಿಕ್ಕೋಡಿಗೆ ಹೋಗುವ ರಸ್ತೆಯೇ ಹೊರತು ಊರಲ್ಲವೆಂಬುದು ಆ ಭಾಗದವರಿಗೆ ಗೊತ್ತು. ಅಥಣಿಗೂ ನಿಪ್ಪಾಣಿಗೂ ರೈಲಿಲ್ಲ. ಅಥಣಿಯವರು ಉಗಾರಕ್ಕೋ ಕುಡಚಿಗೋ ಬರಬೇಕು, ಕಾಗವಾಡದವರಿಗೆ ಶೇಡಬಾಳವೇ ಸಮೀಪ. ಲೋಂಡಾದಿಂದ ಮುಂದೆ ಕ್ಯಾಸಲ್‌ರಾಕ್ ದಾಟಿ ಗಾಡಿಯು ಘಟ್ಟವನ್ನಿಳಿಯುವಾಗ ದೂಧಸಾಗರದ ಜಲಪಾತವು ಹಳಿಯ ಪಕ್ಕದಲ್ಲೇ 300 ಮೀಟರುಗಳಿಗೂ ಮಿಕ್ಕಿದ ಎತ್ತರದಿಂದ ಧುಮುಕುತ್ತದೆ. ಮಡಗಾಂವದಲ್ಲಿ ಗಾಡಿ ಬದಲಿಸಿ ಕೊಂಕಣ ರೈಲ್ವೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಕಾರವಾರ, ಅಂಕೋಲೆ, ಗೋಕರ್ಣ ರೋಡ್, ಕುಮಟೆ, ಹೊನ್ನಾವರ, ಮುರುಡೇಶ್ವರಗಳು ಒಂದಾದ ಮೇಲೊಂದು ಬರುತ್ತವೆ. ವಾರಕ್ಕೊಮ್ಮೆ ಪುಣೆಯಿಂದ ಎರ್ನಾಕುಲಂಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ಸು ಮಿರಜ, ಬೆಳಗಾವಿಗಳ ಮೂಲಕವೇ ಈ ಹಳಿಗೆ ಇಳಿಯುತ್ತದೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆಯುವ ತನಕ ಈ ಅನುಕೂಲವಿರಲಿಲ್ಲ.

ಆರು ಊರುಗಳ ತುಲನೆ

ಈ ಆರು ಊರುಗಳನ್ನು ಮೇಲಿನ ಪರೀಕ್ಷೆಗೆ ಒಡ್ಡಿ ನೋಡಬಹುದು.

ಕಾರವಾರದ ಬಸ್ ನಿಲ್ದಾಣದಿಂದ ಕಡಲು ಸ್ವಲ್ಪವೇ ದೂರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು. ದಂಡೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಉತ್ತರಕ್ಕೆ ಕಾಳಿಯ ಮುಖ, ಅದರಾಚೆ ಸದಾಶಿವಗಡದ ಗುಡ್ಡ, ಎರಡೂ ರಮಣೀಯ. ಆದರೆ ದಕ್ಷಿಣಕ್ಕೆ ಬಿಣಗಾದ ಕಡೆಗೆ ಹೊರಟರೆ ದಂಡೆಯು ನೌಕಾನೆಲೆಯ ವಶದಲ್ಲಿದೆ. 2005ರಲ್ಲಿ ಆರಂಭವಾದ ಕದಂಬ ನೆಲೆಯ ಬೇಲಿ ನಡೆಯುವವರನ್ನು ತಡೆಯುತ್ತದೆ. ರೈಲು ನಿಲ್ದಾಣವೂ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಎರಡು ದಿನಕ್ಕೆ ಕಾರವಾರ ಸಾಕು. ಹೆಚ್ಚು ದಿನದ ನಡಿಗೆಗೆ ಸಾಲದು.

ಅಂಕೋಲೆಯು 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಊರು. ಅಭಿಮಾನದಿಂದ ಒಂದು ಸಂಜೆ ಕಳೆಯಲು ಯೋಗ್ಯ. ಪ್ರವಾಸಿಗೆ ಮುಖ್ಯವಾಗಿ ಬಸ್ಸು ಬದಲಿಸುವ ಠಾಣ್ಯ. ಹೊನ್ನಾವರದಲ್ಲಿ ಶರಾವತಿಯ ಮುಖವಿದೆ, ಆಚೆಯ ದಡದಲ್ಲಿ 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಾಸರಕೋಡಿನ ಶುಭ್ರ ದಂಡೆಯಿದೆ. ಆದರೆ ಅಲ್ಲಿಗೆ ನಡೆಯಲು ಲಾರಿಗಳ ನಡುವೆ ಹೆದ್ದಾರಿಯ ದೀರ್ಘ ಸೇತುವೆಯನ್ನು ದಾಟಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವ ದಾರಿ ಅದಲ್ಲ. ಮುರುಡೇಶ್ವರದಲ್ಲಿ 123 ಅಡಿಯ ಶಿವಮೂರ್ತಿಯೂ ಗುಡಿಯೂ ಕಡಲೂ ಒಂದೇ ಕಡೆ ಇವೆ. ದರ್ಶನಕ್ಕೆ ಅದು ಒಳ್ಳೆಯ ಊರು. ಆದರೆ ಜನವೆಲ್ಲ ಒಂದೇ ದಂಡೆಯಲ್ಲಿ ನೆರೆಯುತ್ತದೆ.

ಉಳಿದವು ಗೋಕರ್ಣ ಮತ್ತು ಕುಮಟೆ. ಕುಮಟೆಯ ಹೆಗ್ಗಳಿಕೆಯೆಂದರೆ ರೈಲು, ಬಸ್ಸು, ಪೇಟೆ, ತಾಲೂಕು ಆಸ್ಪತ್ರೆ ಎಲ್ಲವೂ ಊರಿನಲ್ಲೇ ಇರುವುದು. ಗೋಕರ್ಣದ ರೈಲು ನಿಲ್ದಾಣ ಊರಿನಿಂದ ಸುಮಾರು 10 ಕಿಲೋಮೀಟರು ದೂರ. ಅಲ್ಲಿಂದ ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಆದರೆ ಒಮ್ಮೆ ಊರನ್ನು ಹೊಕ್ಕ ಮೇಲೆ ಬಿಡಾರದ ಪರೀಕ್ಷೆಯಲ್ಲಿ ಗೋಕರ್ಣವನ್ನು ಮೀರಿಸುವ ಊರು ಈ ಕರಾವಳಿಯಲ್ಲಿಲ್ಲ. ಬಸ್ ನಿಲ್ದಾಣ, ರಥಬೀದಿ, ಮಹಾಬಲೇಶ್ವರನ ಗುಡಿ, ಕೋಟಿತೀರ್ಥ, ಕಡಲು ಎಲ್ಲವೂ ಕಾಲ್ನಡಿಗೆಯ ಹರವಿನಲ್ಲಿವೆ. ಇಕ್ಕಟ್ಟಾದ ಬೀದಿಗಳಲ್ಲಿ ಕಾರು ತಂದವನೇ ಪೇಚಿಗೆ ಬೀಳುತ್ತಾನೆ. ಅಜ್ಜಿಗೆ ಬೆಳಿಗ್ಗೆ ಗುಡಿ, ಮಧ್ಯಾಹ್ನ ಕೋಟಿತೀರ್ಥದ ಮೆಟ್ಟಿಲು, ಸಂಜೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತಂದ ತರಕಾರಿಯ ಚೌಕಾಸಿ. ಕೃಷ್ಣೆ ಹುಟ್ಟುವ ಊರು ಮಹಾಬಲೇಶ್ವರ, ಇಲ್ಲಿನ ದೇವರ ಹೆಸರೂ ಮಹಾಬಲೇಶ್ವರ. ಕೃಷ್ಣಾತೀರದ ಹಿರಿಯ ಜೀವಕ್ಕೆ ಅಪರಿಚಿತ ಊರಿಗೆ ಬಂದೆನೆಂಬ ಭಾವ ಬರಲಾರದು.

ಗೋಕರ್ಣದಲ್ಲಿ ಮೂರು ದಿನ

ಗೋಕರ್ಣವು ಎರಡು ನದೀಮುಖಗಳ ನಡುವಣ ನೆಲ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ನಡಿಗೆಯ ಎಲ್ಲೆಗಳನ್ನು ಪ್ರಕೃತಿಯೇ ಗುರುತು ಹಾಕಿಕೊಟ್ಟಂತಿದೆ.

ಮೊದಲ ದಿನ ಉತ್ತರದ ನಡಿಗೆ. ಬೆಳಗಿನ ಬಸ್ಸಿನಲ್ಲಿ ಗಂಗಾವಳಿಗೆ ಹೋಗಿ ಇಳಿದರೆ ನದಿಯು ಕಡಲನ್ನು ಕೂಡುವ ಸ್ಥಳ ಸಿಗುತ್ತದೆ. ಧಾರವಾಡದ ಬಳಿಯ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯ ನೀರು ಬೇಡ್ತಿಯನ್ನು ಕೂಡಿ ಇಲ್ಲಿ ಗಂಗಾವಳಿಯಾಗಿ ಕೊನೆಗೊಳ್ಳುತ್ತದೆ. ಅಲ್ಲಿಂದ ಗೋಕರ್ಣದ ಕಡೆಗೆ ಐದಾರು ಕಿಲೋಮೀಟರು ಸಮತಟ್ಟಾದ ಮರಳು. ಬಂಡೆಯಿಲ್ಲ, ಏರಿಲ್ಲ, ಏಳೆಂಟು ವರ್ಷದ ಮಗುವೂ ನಡೆದೀತು. ಕಾಲುಗಳನ್ನು ಪಳಗಿಸಲು ಇದೇ ತಕ್ಕದು.

ಎರಡನೆಯ ದಿನ ದಕ್ಷಿಣದ ಚಿಕ್ಕ ನಡಿಗೆ. ಊರಿನ ದಂಡೆಯ ತೆಂಕಣ ತುದಿಯಲ್ಲಿ ರಾಮತೀರ್ಥ. ಅಲ್ಲಿಂದ ಜಂಬಿಟ್ಟಿಗೆ ಕಲ್ಲಿನ ಗುಡ್ಡವನ್ನೇರಿ ಇಳಿದರೆ ಕುಡ್ಲೆಯ ದಂಡೆ. ಮತ್ತೊಂದು ಗುಡ್ಡ ದಾಟಿದರೆ ಓಂಕಾರದ ಆಕೃತಿಯಲ್ಲಿ ಬಾಗಿದ ಓಂ ದಂಡೆ. ಇಲ್ಲಿಗೆ ಮೋಟಾರು ರಸ್ತೆಯೂ ಇರುವುದರಿಂದ ದಣಿದವರು ಆಟೋ ಹಿಡಿದು ಊರಿಗೆ ಮರಳಬಹುದು.

ಮೂರನೆಯ ದಿನದ ನಡಿಗೆ ಗಟ್ಟಿ ಕಾಲಿನವರಿಗೆ. ಬೆಳಿಗ್ಗೆ ಬಸ್ಸಿನಲ್ಲಿ ಅಘನಾಶಿನಿಯ ಮುಖದಲ್ಲಿರುವ ತದಡಿಯ ಬಂದರಿಗೆ ಹೋಗಬೇಕು. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಸಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಹಿಪ್ಪರಗಿ, ಆಲಮಟ್ಟಿಗಳಲ್ಲಿ ಕಟ್ಟಿನಿಲ್ಲಿಸಿದ ಕೃಷ್ಣೆಯನ್ನು ಕಂಡವರಿಗೆ ಇದು ನೋಡತಕ್ಕ ಸಂಗತಿ. ಉಬ್ಬರದಲ್ಲಿ ಕಡಲ ನೀರು ನದಿಯೊಳಕ್ಕೆ ನುಗ್ಗುತ್ತದೆ. ಆ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಇಳಿತದಲ್ಲಿ ಹೆಂಗಸರು ಕೆಸರಿಗಿಳಿದು ಚಿಪ್ಪು ಹೆಕ್ಕುತ್ತಾರೆ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹೊಲದಲ್ಲಿ ಸವಳು ಏರಿದರೆ ಬೆಳೆ ಹೋಯಿತೆಂದು ಕೊರಗುವ ಕಬ್ಬಿನ ನಾಡಿನವರು ಉಪ್ಪಿನಲ್ಲೇ ಭತ್ತ ಬೆಳೆಯುವ ಈ ರೈತರೊಡನೆ ಗಳಿಗೆ ಹೊತ್ತು ಮಾತಾಡಿದರೆ ಇಬ್ಬರಿಗೂ ಸಂತೋಷವಾದೀತು.

ತದಡಿಯಿಂದ ಬೇಲೇಕಾನ, ಅಲ್ಲಿಂದ ಪ್ಯಾರಡೈಸ್, ಹಾಫ್ ಮೂನ್ ಎಂದು ಕರೆಯುವ ಪುಟ್ಟ ದಂಡೆಗಳು, ಬಳಿಕ ಓಂ, ಕುಡ್ಲೆ, ಗೋಕರ್ಣ. ದೂರ ಹತ್ತು ಕಿಲೋಮೀಟರುಗಳ ಆಸುಪಾಸಿನದೇ. ಆದರೆ ನಡುನಡುವೆ ಕಡಲಿನ ಮೇಲಣ ಬಂಡೆಗಳ ಕಾಲುದಾರಿಯಿರುವುದರಿಂದ ಇಡೀ ದಿನ ಬೇಕು. ಚಿಕ್ಕ ಮಕ್ಕಳನ್ನೂ ಮೊಣಕಾಲಿನ ನೋವಿನವರನ್ನೂ ಇಲ್ಲಿಗೆ ಕರೆತರಬಾರದು. ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಬೇಕಾದಷ್ಟು ನೀರು ಚೀಲದಲ್ಲಿರಲಿ. ಬಿಸಿಲಿಗೆ ಕೆಡದ ಆ ಬುತ್ತಿಗಿಂತ ಒಳ್ಳೆಯದು ದಾರಿಯಲ್ಲಿ ಸಿಗದು.

ರಜೆ ಇನ್ನೂ ಉಳಿದಿದ್ದರೆ ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ಗ್ರಾಮಕ್ಕೆ ದಾಟಬಹುದು. ಅಲ್ಲಿಂದ ಬಾಡ, ಕಡ್ಲೆಗಳ ಮೇಲೆ ಹಾಯ್ದು ಕುಮಟೆಗೆ ನಡೆದು, ಕುಮಟೆಯನ್ನೇ ಎರಡನೆಯ ಬಿಡಾರವಾಗಿಸಿಕೊಂಡರೆ, ಅಲ್ಲಿಂದ ಊರಿಗೆ ರೈಲು ಹತ್ತುವುದೂ ಸುಲಭ.

ನಿಪ್ಪಾಣಿಯವರಿಗೆ ಇನ್ನೊಂದು ಕಡಲು

ನಿಪ್ಪಾಣಿಯವರು ಮಾತ್ರ ಒಂದು ಸಂಗತಿಯನ್ನು ಯೋಚಿಸಬೇಕು. ಅವರಿಗೆ ಗೋಕರ್ಣಕ್ಕಿಂತ ಹತ್ತಿರದ ಕಡಲು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯದು. ಫೋಂಡಾ ಘಟ್ಟವನ್ನಿಳಿದು ಹೋಗುವ ರಸ್ತೆಗೆ ದೇವಗಡ–ನಿಪ್ಪಾಣಿ ಮಾರ್ಗವೆಂದೇ ಹೆಸರು. ಕೊಲ್ಲಾಪುರಕ್ಕೆ ಹೋದರೆ ಮಾಲವಣದ ಬಸ್ಸು ಸಿಗುತ್ತದೆ. ಮಾಲವಣದಲ್ಲಿ ನಿಲ್ದಾಣ, ಪೇಟೆ, ಧಕ್ಕೆ ಒಂದಕ್ಕೊಂದು ಹತ್ತಿರ. ಎದುರಿಗೇ ನೀರಿನಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದ ಸಿಂಧುದುರ್ಗ. ದಕ್ಷಿಣಕ್ಕೆ ತಾರಕರ್ಲಿ, ಅದರಾಚೆ ಕರ್ಲಿ ನದಿಯು ಕಡಲನ್ನು ಸೇರುವ ದೇವಬಾಗ. ಎರಡೇ ದಿನದ ರಜೆಯಿರುವ ನಿಪ್ಪಾಣಿಯ ಕುಟುಂಬಕ್ಕೆ ಮಾಲವಣವೇ ಯೋಗ್ಯ. ನಾಲ್ಕೈದು ದಿನ ಸಿಕ್ಕರೆ ಗೋಕರ್ಣ.

ಹೊಳೆಯ ಈಜು ಕಡಲಿಗೆ ಸಾಲದು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬಾವಿಯಲ್ಲಿಯೂ ಕೃಷ್ಣೆಯಲ್ಲಿಯೂ ಈಜು ಕಲಿತವರಿಗೆ ನೀರಿನ ಭಯ ಕಡಮೆ. ಅಪಾಯವಿರುವುದೂ ಅಲ್ಲಿಯೇ. ಹೊಳೆಯು ಒಂದೇ ಕಡೆಗೆ ಹರಿಯುತ್ತದೆ; ಕಡಲು ಬಂದು ಹಿಂದಕ್ಕೆ ಎಳೆಯುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದರು. ಅವರೂ ಸಮುದ್ರ ನೋಡುವ ಆಸೆಯಿಂದ ಬಯಲುಸೀಮೆಯಿಂದ ಬಂದ ಮಕ್ಕಳೇ. ಕೆಂಪು ಬಾವುಟವಿರುವಲ್ಲಿ, ರಕ್ಷಕರಿಲ್ಲದಲ್ಲಿ, ಬಂಡೆಗಳ ಬಳಿಯಲ್ಲಿ, ನದೀಮುಖದಲ್ಲಿ ಕಾಲು ತೋಯಿಸುವುದಕ್ಕಿಂತ ಮುಂದೆ ಹೋಗಕೂಡದು. ಸೆಳೆತಕ್ಕೆ ಸಿಕ್ಕವನು ದಡಕ್ಕೆ ನೇರವಾಗಿ ಈಜಲು ಹೆಣಗಿದರೆ ಸೋಲುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು.

ಉಬ್ಬರ ಇಳಿತಗಳ ವೇಳೆಯನ್ನು ಹಿಂದಿನ ಸಂಜೆಯೇ ಮೀನುಗಾರರನ್ನು ಕೇಳಿ ತಿಳಿಯಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ಮರುದಿನ ಅವು ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಏರುಪೇರು ಹೆಚ್ಚು. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿ ನಡೆಯಲು ಹಿತ. ಉಬ್ಬರದಲ್ಲಿ ಅದೇ ದಾರಿ ಬಂಡೆಯ ಬುಡದಲ್ಲಿ ಮುಚ್ಚಿಹೋಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ನಡಿಗೆಯ ಯೋಚನೆಯೇ ಬೇಡ. ಆಗ ಕಡಲೂ ಒರಟು, ಘಟ್ಟವೂ ನಂಬಲರ್ಹವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಸುಕಾಲ. ಅದರಲ್ಲಿಯೂ ಹೊಸ ವರ್ಷದ ಮತ್ತು ಶಿವರಾತ್ರಿಯ ದಿನಗಳಲ್ಲಿ ಗೋಕರ್ಣದಲ್ಲಿ ಕೋಣೆಗೆ ಪರದಾಡಬೇಕಾಗುತ್ತದೆ. ಆ ದಿನಗಳನ್ನು ಬಿಟ್ಟು ಹೋದವರೇ ಜಾಣರು.

ಗೋಕರ್ಣದ ಸ್ಥಳಪುರಾಣವೂ ಒಂದು ಪ್ರವಾಸದ ಕಥೆಯೇ. ಕೈಲಾಸದಿಂದ ಆತ್ಮಲಿಂಗವನ್ನು ಹೊತ್ತು ಲಂಕೆಗೆ ಹೊರಟ ರಾವಣನಿಗೆ ಈ ಕಡಲ ದಂಡೆಯಲ್ಲಿ ಸಂಜೆಯಾದಂತೆ ತೋರಿತು. ಸಂಧ್ಯಾವಂದನೆಗೆ ನಿಂತ, ಬಾಲಕನ ವೇಷದ ಗಣಪತಿಯ ಕೈಗೆ ಲಿಂಗವನ್ನು ಕೊಟ್ಟ, ಅದು ನೆಲ ಮುಟ್ಟಿ ಇಲ್ಲಿಯೇ ನಿಂತುಹೋಯಿತು. ಹತ್ತು ತಲೆಗಳಿದ್ದರೂ ಸಂಜೆಯ ಲೆಕ್ಕವನ್ನು ತಪ್ಪಿದವನ ಗತಿ ಅದು. ಒಂದೇ ತಲೆಯ ಸಂಸಾರಿಯು ಬೆಳಗಿನ ಬಸ್ಸು ಹಿಡಿದು ದೂರ ಹೋಗಿ, ಹೊತ್ತಿರುವಾಗಲೇ ನಡೆದು ಬಂದು, ರಥಬೀದಿಯ ದೀಪ ಹತ್ತುವ ಹೊತ್ತಿಗೆ ಕಾಲು ತೊಳೆದು ಕುಳಿತಿದ್ದರೆ ಸಾಕು. ಅಜ್ಜಿಯು ಗುಡಿಯಿಂದ ತಂದ ಪ್ರಸಾದವನ್ನು ಹಂಚುತ್ತಾಳೆ. ಮಕ್ಕಳು ಜೇಬಿನ ಚಿಪ್ಪುಗಳನ್ನು ಚಾಪೆಯ ಮೇಲೆ ಸುರಿದು ನಾಳೆಯ ದಾರಿಯನ್ನು ಕೇಳುತ್ತಾರೆ.